ಸಿಂಗಲೀಲಾವೋ ಮರ್ದಿ ಹಿಮಾಲೋ: ಬೆಳಗುಗಳ ಲೆಕ್ಕ

ಹಿಮಾಲಯದ ಏಣಿನ (ಬೆಟ್ಟಸಾಲಿನ ನೆತ್ತಿಯಂಚಿನ) ಮೇಲೆ ನಡೆಯುವವರಿಗೆ ಶಿಖರಗಳು ಕಾಣುವುದು ಹೆಚ್ಚಿನ ದಿನಗಳಲ್ಲಿ ಬೆಳಗಿನ ಮೂರು ನಾಲ್ಕು ತಾಸು. ಬಿಸಿಲೇರಿದಂತೆ ಕಣಿವೆಯ ಮೋಡವೂ ಏರುತ್ತದೆ. ಹತ್ತು ಹನ್ನೊಂದು ಗಂಟೆಗೆಲ್ಲ ಎದುರಿಗೆ ಬಿಳಿ ಗೋಡೆ. ಆದ್ದರಿಂದ ಚಾರಣ ಆರಿಸುವಾಗ ನಾನು ಮೊದಲು ಎಣಿಸುವುದು ಏಣಿನ ಮೇಲೆ ಸಿಗುವ ಬೆಳಗುಗಳನ್ನು. ಎತ್ತರ, ದೂರ, ಖರ್ಚು ಎಲ್ಲ ಆಮೇಲೆ. ಈ ಲೆಕ್ಕ ತಿಳಿದದ್ದು ಎರಡು ಚಾರಣ ಮುಗಿಸಿದ ಮೇಲೆ: ನವೆಂಬರಿನಲ್ಲಿ ಡಾರ್ಜಿಲಿಂಗ್ ಜಿಲ್ಲೆಯ ಸಿಂಗಲೀಲಾ, ಮುಂದಿನ ಏಪ್ರಿಲಿನಲ್ಲಿ ನೇಪಾಳದ ಪೋಖರಾ ಬಳಿಯ ಮರ್ದಿ ಹಿಮಾಲ್. ಎರಡಕ್ಕೂ ಜೊತೆಗಿದ್ದವಳು ನನ್ನ ಅಕ್ಕ. ವಯಸ್ಸು ಐವತ್ತೆಂಟು, ಬಲಗಾಲಿನ ಮಂಡಿ ಸ್ವಲ್ಪ ಸೂಕ್ಷ್ಮ.

ಕುಮಾರಪರ್ವತ ಹತ್ತಿದವರಿಗೆ, ಚಾರಣಿಗರಿಗೆ ಊಟ ಮತ್ತು ತಂಗಲು ಜಾಗ ಕೊಡುವ ಗಿರಿಗದ್ದೆಯ ಭಟ್ಟರ ಮನೆ ಗೊತ್ತು. ದಿನಕ್ಕೊಂದು ಭಟ್ಟರ ಮನೆ ಸಿಗುವ ದಾರಿ ಎಂದುಕೊಂಡರೆ ಟೀ ಹೌಸ್ ಚಾರಣ ಅರ್ಥವಾಗುತ್ತದೆ. ಡೇರೆ ಬೇಡ, ಒಲೆ ಬೇಡ. ಬೆನ್ನ ಮೇಲೆ ಏಳೆಂಟು ಕಿಲೋ ಸಾಕು. ಎರಡೂ ದಾರಿಗಳು ಈ ವಿಷಯದಲ್ಲಿ ಸಮಾನ. ಮಿಕ್ಕಿದ್ದೆಲ್ಲ ಬೇರೆ ಬೇರೆ.

ಸಿಂಗಲೀಲಾ ಭಾರತ ಮತ್ತು ನೇಪಾಳದ ಗಡಿಯೇ ಆಗಿರುವ ಏಣು. ನಡಿಗೆ ಶುರುವಾಗುವ ಮಾನೆಭಂಜಾಂಗ್ ಇರುವುದೇ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯ ಆಸುಪಾಸಿನ ಎತ್ತರದಲ್ಲಿ. ಮೊದಲ ದಿನ ಚಿತ್ರೆ, ಮೇಘ್ಮಾ ದಾಟಿ ತುಮ್ಲಿಂಗ್. ಎರಡನೆಯ ದಿನ ಗೈರಿಬಾಸಿಗೆ ಇಳಿದು, ಇಳಿದದ್ದನ್ನೆಲ್ಲ ಮತ್ತೆ ಹತ್ತಿ ಕಾಲಿಪೋಖ್ರಿ. ಮೂರನೆಯ ದಿನ ಬರೀ ಆರು ಕಿಲೋಮೀಟರ್ ನಡೆದು 3636 ಮೀಟರ್ ಎತ್ತರದ ಸಂದಕ್‌ಫು, ಪಶ್ಚಿಮ ಬಂಗಾಳದ ಅತ್ಯುನ್ನತ ಜಾಗ. ನಾಲ್ಕನೆಯ ದಿನ 21 ಕಿಲೋಮೀಟರ್ ಏಣಿನ ಮೇಲೆಯೇ ನಡೆದು ಫಾಲುಟ್. ಐದನೆಯ ದಿನ ಕಾಡಿನೊಳಗೆ ಇಳಿದು ಗೋರ್ಖೆ, ಆರನೆಯ ದಿನ ಶ್ರೀಖೋಲಾ. ಅಲ್ಲಿಂದ ಜೀಪು.

ಮೊದಲ ಮೂರು ದಿನದ ಕೊರತೆಯನ್ನು ಮುಚ್ಚಿಡುವುದಿಲ್ಲ. ಸಂದಕ್‌ಫುವರೆಗೂ ಜೀಪಿನ ರಸ್ತೆಯಿದೆ. ಹಿಂದೆ ಹಳೆಯ ಬ್ರಿಟಿಷ್ ಲ್ಯಾಂಡ್ ರೋವರುಗಳೇ ಏರುತ್ತಿದ್ದ ಕಲ್ಲುಹಾದಿಗೆ ಈಗ ಬಹುಪಾಲು ಕಾಂಕ್ರೀಟು ಬಿದ್ದಿದೆ. ಹಳೆಯ ಕಾಲುದಾರಿ ತಿರುವುಗಳನ್ನು ಕತ್ತರಿಸಿಕೊಂಡು ಕಾಡಿನೊಳಗೆ ಸಾಗುತ್ತದೆಯಾದರೂ ಆಗಾಗ ರಸ್ತೆಗೆ ಬಂದು ಹೊಗೆ ಕುಡಿಯಲೇಬೇಕು. ನನಗೆ ಇದು ನಿಜಕ್ಕೂ ನೋವು ಕೊಟ್ಟಿತು. ಕೆಂಪು ಪಾಂಡಾ ಬದುಕಿರುವ ಬಿದಿರುಕಾಡಿನ ಪಕ್ಕದಲ್ಲಿ ಹಾರ್ನ್ ಕೇಳಬಾರದು. ಆದರೆ ಸಂದಕ್‌ಫು ದಾಟಿದರೆ ಗಾಳಿ, ಒಣಹುಲ್ಲು, ಒಣಗಿ ಬೆಳ್ಳಗೆ ನಿಂತ ಫರ್ ಮರಗಳು. ಆ 21 ಕಿಲೋಮೀಟರಿಗಾಗಿ ಮೊದಲ ಮೂರು ದಿನಗಳನ್ನು ನಾನು ಮತ್ತೆ ನಡೆಯಬಲ್ಲೆ.

ಮರ್ದಿ ಹಿಮಾಲಿನಲ್ಲಿ ಜೀಪು ಇಲ್ಲ. ಪೋಖರಾದಿಂದ ಕಾಂಡೆಗೆ ಕಾರಿನಲ್ಲಿ ಹೋಗಿ, ಮೆಟ್ಟಿಲು ಹತ್ತಿ ಆಸ್ಟ್ರೇಲಿಯನ್ ಕ್ಯಾಂಪ್ ದಾಟಿದ ಮೇಲೆ ಒಂದೂವರೆ ದಿನ ದಟ್ಟ ಕಾಡು. ಏಪ್ರಿಲಿನಲ್ಲಿ ಲಾಲಿಗುರಾಂಸ್ (ರೋಡೋಡೆಂಡ್ರಾನ್) ಹೂವು ದಾರಿಯ ಮೇಲೆ ಕೆಂಪಗೆ ಉದುರಿತ್ತು. ಪಾಚಿ ಹೊದ್ದ ಕಾಂಡಗಳ ನಡುವಿನ ಆ ನಡಿಗೆಗೆ ಸಿಂಗಲೀಲಾದ ಮೊದಲ ದಿನಗಳು ಹತ್ತಿರಕ್ಕೂ ಬರುವುದಿಲ್ಲ. ಫಾರೆಸ್ಟ್ ಕ್ಯಾಂಪ್, ಲೋ ಕ್ಯಾಂಪ್, ಬಾದಲ್ ಡಾಂಡಾ, ಹೈ ಕ್ಯಾಂಪ್ ಹೀಗೆ ಏರುತ್ತದೆ. ಡಾಂಡಾ ಎಂದರೆ ಏಣು. ಬಾದಲ್ ಡಾಂಡಾ ಮೋಡದ ಏಣು. ಮರಗಳು ಮುಗಿದು ಏಣು ತೆರೆದುಕೊಳ್ಳುವುದು ಅಲ್ಲಿಯೇ. ಅಂದರೆ ನಾಲ್ಕೈದು ದಿನದ ಚಾರಣದಲ್ಲಿ ಬಯಲಾದ ಏಣು ಸಿಗುವುದು ಒಂದೂವರೆ ದಿನ.

ಈಗ ಬೆಳಗುಗಳ ಲೆಕ್ಕ. ಸಿಂಗಲೀಲಾದಲ್ಲಿ ತುಮ್ಲಿಂಗ್, ಸಂದಕ್‌ಫು, ಫಾಲುಟ್ ಮೂರೂ ಕಡೆ ಹಾಸಿಗೆಯಿಂದೆದ್ದು ಬಾಗಿಲು ತೆರೆದು ಸ್ವಲ್ಪ ನಡೆದರೆ ಸಾಕು, ಕಾಂಚನಜುಂಗಾ ಎದುರಿಗಿರುತ್ತದೆ. ತುಮ್ಲಿಂಗಿನಲ್ಲಿ ನಮಗೆ ಅರ್ಧ ಸಿಕ್ಕಿತು. ಸಂದಕ್‌ಫುವಿನಲ್ಲಿ ಏನೂ ಸಿಗಲಿಲ್ಲ. ನಾಲ್ಕೂವರೆಗೆ ಎದ್ದು ಎರಡು ತಾಸು ನಿಂತರೂ ಮಂಜು ಕದಲಲಿಲ್ಲ. ಪ್ರಪಂಚದ ಐದು ಅತಿ ಎತ್ತರದ ಶಿಖರಗಳಲ್ಲಿ ನಾಲ್ಕು, ಅಂದರೆ ಎವರೆಸ್ಟ್, ಕಾಂಚನಜುಂಗಾ, ಲ್ಹೋತ್ಸೆ, ಮಕಾಲು ಒಟ್ಟಿಗೆ ಕಾಣುವ ಜಾಗದಲ್ಲಿ ನಮ್ಮ ಕೈಬೆರಳೂ ಮಸುಕಾಗಿತ್ತು. ಅಕ್ಕ ಏನೂ ಮಾತಾಡದೆ ಶಾಲು ಹೊದ್ದು ಒಳಗೆ ಹೋದಳು. ಮೂರನೆಯ ಬೆಳಗು ಫಾಲುಟಿನಲ್ಲಿ. ಗಾಳಿ ನಿಲ್ಲಲು ಬಿಡುತ್ತಿರಲಿಲ್ಲ. ಕತ್ತಲೆಯಲ್ಲಿ ಮೊದಲು ಒಂದು ಚುಕ್ಕೆ ಗುಲಾಬಿ ಬಣ್ಣ ಕಂಡಿತು. ನಾನು ಅದನ್ನು ನಕ್ಷತ್ರವೆಂದುಕೊಂಡೆ. ಅದು ಅಗಲವಾಗುತ್ತಾ ಕೆಳಗಿಳಿದು ಕಾಂಚನಜುಂಗಾದ ನೆತ್ತಿಯಾಯಿತು. ಆಮೇಲೆ ಎಡಕ್ಕೆ ಕುಂಭಕರ್ಣ ಶಿಖರ, ಬಲಕ್ಕೆ ಪಂಡಿಮ್. ಮಲಗಿದ ಬುದ್ಧ ಎಂದು ಜನ ಕರೆಯುವ ಆಕಾರ, ಹಣೆಯಿಂದ ಪಾದದವರೆಗೆ, ನಿಧಾನವಾಗಿ ಬೆಳಗಿತು. "ನಿನ್ನೆ ಕಾಣದೆ ಇದ್ದದ್ದೇ ಒಳ್ಳೆಯದಾಯಿತು ಕಣೋ" ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು, ಗಾಳಿಗೂ ಬಂದಿರಬಹುದು.

ಮರ್ದಿಯಲ್ಲಿ ಮುಂಗಡ ಕೊಟ್ಟಿದ್ದ ಏಜೆನ್ಸಿಯವರು ಹೈ ಕ್ಯಾಂಪಿಗೆ ಇಟ್ಟಿದ್ದದ್ದು ಒಂದೇ ರಾತ್ರಿ. ಅಲ್ಲಿಂದ 4200 ಮೀಟರಿನ ವ್ಯೂ ಪಾಯಿಂಟಿಗೆ ಬೆಳಗಿನ ಜಾವವೇ ಹೊರಟು, ನೋಡಿಕೊಂಡು, ಅದೇ ದಿನ ಕೆಳಗಿನ ಸಿದಿಂಗ್ ಹಳ್ಳಿಗೆ ಇಳಿಯಬೇಕು. ಅಕ್ಕನ ನಡಿಗೆಗೆ ನಾವು ವ್ಯೂ ಪಾಯಿಂಟ್ ತಲುಪಿದಾಗ ಒಂಬತ್ತೂವರೆ. ಮಾಛಾಪುಛ್ರೆ ಶಿಖರದ ಮೀನಬಾಲದಂಥ ತುದಿ ಮಾತ್ರ ಮೋಡದ ಮೇಲೆ ಉಳಿದಿತ್ತು. ನಾನು ಅರ್ಧ ದಾರಿಯಲ್ಲಿ ತಿರುಗಿ ನೋಡಿದ್ದರಿಂದ ಕಂಡೆ: 6993 ಮೀಟರಿನ ಆ ಶಿಖರ ಸಿಂಗಲೀಲಾದಿಂದ ಕಾಣುವ ಯಾವ ಬೆಟ್ಟಕ್ಕಿಂತಲೂ ಹತ್ತಿರ, ಕತ್ತು ಎತ್ತಿ ನೋಡುವಷ್ಟು ಹತ್ತಿರ. ಹಿಮದ ಮಡಿಕೆಗಳ ನೆರಳು ಲೆಕ್ಕ ಹಾಕಬಹುದಿತ್ತು. ಪವಿತ್ರವೆಂದು ನಂಬುವ ಆ ಶಿಖರದ ಆರೋಹಣಕ್ಕೆ ನೇಪಾಳ ಅನುಮತಿ ಕೊಡುವುದಿಲ್ಲ. 1957ರಲ್ಲಿ ಹತ್ತಿದ ಬ್ರಿಟಿಷ್ ತಂಡವೂ ತುದಿ ಮುಟ್ಟದೆ ಕೆಳಗೇ ನಿಂತು ಮರಳಿತು. ಅಕ್ಕ ಕಂಡದ್ದು ಆ ತುದಿ ಬಿಟ್ಟರೆ ಬರೀ ಮೋಡ. ಅವಳ ಪಾಲಿಗೆ ಎರಡನೆಯ ಬೆಳಗು ಇರಲಿಲ್ಲ. ಹೋಗುವವರಿಗೆ ನನ್ನ ಒತ್ತಾಯ ಇಷ್ಟೇ: ಬಾದಲ್ ಡಾಂಡಾದಲ್ಲಿ ಒಂದು ರಾತ್ರಿ, ಹೈ ಕ್ಯಾಂಪಿನಲ್ಲಿ ಎರಡು ರಾತ್ರಿ ಎಂದು ಮೊದಲೇ ಬರೆಸಿಕೊಳ್ಳಿ. ಆಗ ಮರ್ದಿಯಲ್ಲೂ ಮೂರು ಬೆಳಗು.

ಮಂಡಿಯ ಮಾತು. ಫಾಲುಟಿನಿಂದ ಗೋರ್ಖೆಗೆ ಸುಮಾರು 1300 ಮೀಟರ್ ಇಳಿತ, ಆದರೆ 15 ಕಿಲೋಮೀಟರಿಗೆ ಹರಡಿದ, ಎಲೆ ಕೊಳೆತು ಮೆತ್ತಗಾದ ಕಾಡುಹಾದಿ. ಹೈ ಕ್ಯಾಂಪಿನಿಂದ ಸಿದಿಂಗ್‌ಗೆ ಇಳಿತ ಇದಕ್ಕಿಂತ ಬಹಳ ಹೆಚ್ಚು, ದೂರ ಕಡಿಮೆ, ಕೆಳಗೆ ಬಂದಂತೆ ಕಲ್ಲುಮೆಟ್ಟಿಲು. ಅಕ್ಕ ಎರಡು ಊರುಗೋಲು ಹಿಡಿದು ಅಡ್ಡಡ್ಡವಾಗಿ ಇಳಿದಳು. ಸಿದಿಂಗ್‌ನಲ್ಲಿ ಜೀಪು ಹತ್ತಲು ಅವಳ ಕಾಲನ್ನು ನಾನೇ ಎತ್ತಿ ಇಡಬೇಕಾಯಿತು.

ಎತ್ತರದ ಕಾಯಿಲೆಯ ದೃಷ್ಟಿಯಿಂದಲೂ ಸಿಂಗಲೀಲಾ ಮೃದು. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎನ್ನುವುದು ಎಲ್ಲರೂ ಹೇಳುವ ನಿಯಮ. ತುಮ್ಲಿಂಗ್, ಕಾಲಿಪೋಖ್ರಿ, ಸಂದಕ್‌ಫು ಎಂಬ ಮೂರು ಮೆಟ್ಟಿಲು ಅದಕ್ಕೆ ಸರಿಯಾಗಿ ಹೊಂದುತ್ತವೆ. ಮಾನೆಭಂಜಾಂಗ್‌ನಿಂದ ಒಂದೇ ದಿನ ಜೀಪಿನಲ್ಲಿ ಸಂದಕ್‌ಫುಗೆ ಬಂದ ಹುಡುಗರು ರಾತ್ರಿಯಿಡೀ ವಾಂತಿ ಮಾಡಿದ್ದನ್ನು ಪಕ್ಕದ ಕೋಣೆಯಿಂದ ಕೇಳಿದ್ದೇವೆ. ಮರ್ದಿಯಲ್ಲಿ ಲೋ ಕ್ಯಾಂಪಿನಿಂದ ನೇರ ಹೈ ಕ್ಯಾಂಪಿಗೆ ಹಾರುವ ಯೋಜನೆಗಳೇ ಹೆಚ್ಚು. ಬಾದಲ್ ಡಾಂಡಾದ ರಾತ್ರಿ ಇದಕ್ಕೂ ಮದ್ದು.

ಊಟದಲ್ಲಿ ಎರಡೂ ಕಡೆ ದಾಲ್ ಭಾತ್, ಕೇಳಿದಷ್ಟು ಬಡಿಸುತ್ತಾರೆ. ಮರ್ದಿಯಲ್ಲಿ ಸಾಮಾನೆಲ್ಲ ಹೇಸರಗತ್ತೆ ಇಲ್ಲವೇ ಮನುಷ್ಯರ ಬೆನ್ನ ಮೇಲೆ ಬರುವುದರಿಂದ ಏರಿದಷ್ಟೂ ಬೆಲೆ ಏರುತ್ತದೆ. ಬಿಸಿನೀರಿಗೆ, ಮೊಬೈಲ್ ಚಾರ್ಜಿಗೆ ಪ್ರತ್ಯೇಕ ಹಣ. ಸಿಂಗಲೀಲಾದಲ್ಲಿ ಜೀಪು ಬರುವಷ್ಟು ದೂರ ಆ ಹೊರೆ ಕಡಿಮೆ. ಕಾಲಿಪೋಖ್ರಿಯ ಅಡುಗೆಮನೆಯನ್ನು ನಾನು ಮರೆಯಲಾರೆ. ಒಲೆಯ ಮೇಲೆ ದಾರಕ್ಕೆ ಪೋಣಿಸಿದ ಛುರ್ಪಿಯ (ಗಟ್ಟಿ ಚೀಸಿನ) ತುಂಡುಗಳು ಹೊಗೆಗೆ ಕಂದಾಗಿ ತೂಗುತ್ತಿದ್ದವು. ಮನೆಯ ದೀದಿ ಕಬ್ಬಿಣದ ಬಾಣಲೆಯಲ್ಲಿ ಕೋದೋ ಹಿಟ್ಟನ್ನು ಮರದ ಕೋಲಿನಿಂದ ತಿರುವುತ್ತಿದ್ದರು. ಕೋದೋ ಎಂದರೆ ನಮ್ಮ ರಾಗಿ, ಅವರು ಮಾಡುತ್ತಿದ್ದ ಢಿಂಡೊ ನಮ್ಮ ಮುದ್ದೆಯ ಸೋದರ. ಅಕ್ಕ ಬೆರಳಲ್ಲಿ ಮುರಿದು, ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್ ಸಾರಿಗೆ ಅದ್ದಿ, ಅಗಿಯದೆ ನುಂಗಿದಳು. ದೀದಿ ಕೋಲು ನಿಲ್ಲಿಸಿ ನೋಡಿದರು. ಹೊರಗಿನವರು ಅಗಿದು ತಿಂದು ಬಾಯಿ ಅಂಟಿಸಿಕೊಳ್ಳುತ್ತಾರೆ, ನಿಮಗೆ ಯಾರು ಕಲಿಸಿದರು ಎಂದು ಹಿಂದಿಯಲ್ಲಿ ಕೇಳಿದರು. ಅಮ್ಮ ಎಂದಳು ಅಕ್ಕ. ಎರಡನೆಯ ಮುದ್ದೆಗೆ ಅವರು ಹಣ ತೆಗೆದುಕೊಳ್ಳಲಿಲ್ಲ.

ಕಾಗದಪತ್ರ ಚಿಕ್ಕ ವಿಷಯವಾದರೂ ಎಡವುವವರು ಹಲವರು. ಸಿಂಗಲೀಲಾಕ್ಕೆ ಭಾವಚಿತ್ರವಿರುವ ಗುರುತಿನ ಚೀಟಿ, ರಾಷ್ಟ್ರೀಯ ಉದ್ಯಾನದ ಟಿಕೆಟ್, ಸ್ಥಳೀಯ ಗೈಡ್. ಉದ್ಯಾನ ಜೂನ್ 16ರಿಂದ ಸೆಪ್ಟೆಂಬರ್ 15ರವರೆಗೆ ಮುಚ್ಚಿರುತ್ತದೆ. ನೇಪಾಳಕ್ಕೆ ವಿಮಾನದಲ್ಲಿ ಹೋಗುವಾಗ 65 ವರ್ಷದವರೆಗಿನ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು, ಆಧಾರ್ ನಡೆಯುವುದಿಲ್ಲ. ಮರ್ದಿಗೆ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿ ಸಾರ್ಕ್ ದೇಶದವರಿಗೆ 1000 ನೇಪಾಳಿ ರೂಪಾಯಿ, ಅಂದರೆ ನಮ್ಮ 625.

ಕಾಲು ಗಟ್ಟಿಯಿರುವವರು, ರಜೆ ಐದಾರು ದಿನ ಮಾತ್ರ ಇರುವವರು, ಶಿಖರದ ಬುಡದಲ್ಲೇ ನಿಲ್ಲಬೇಕೆನ್ನುವವರು ಮರ್ದಿಗೆ ಹೋಗಲಿ. ಮೊದಲ ಸಲ ಹೊರಟವರನ್ನು, ಹಿರಿಯರನ್ನು ಕರೆದುಕೊಂಡು ಹೋಗುವವರನ್ನು ನಾನು ಸಿಂಗಲೀಲಾಕ್ಕೇ ಕಳಿಸುತ್ತೇನೆ. ಬರುವ ಏಪ್ರಿಲಿಗೆ ನಾವಿಬ್ಬರೂ ಅಲ್ಲಿಗೇ ಹೊರಟಿದ್ದೇವೆ. ಈ ಸಲ ಸಂದಕ್‌ಫುವಿನಲ್ಲಿ ಎರಡು ರಾತ್ರಿ ಬರೆಸಿದ್ದೇವೆ.