ಮರಳಿನ ಮೇಲೆ ದೂರಿಲ್ಲ, ವಾಲ್ವ್ ಮೇಲೆ ಇದೆ

ಗಂಗಾವತಿಯ ಹತ್ತಿರದ ನಮ್ಮ ತೋಟದಲ್ಲಿ ಆನೆಗೊಂದಿ, ಹಂಪಿ ನೋಡಲು ಬರುವವರಿಗೆಂದು ಮೂರು ಕೋಣೆ ಕಟ್ಟಿಸಿ, ಪಕ್ಕದಲ್ಲೇ 22 ಸಾವಿರ ಲೀಟರಿನ ಸಣ್ಣ ಈಜುಕೊಳ ಮಾಡಿಸಿದ್ದೇವೆ. ಅದಕ್ಕೆ ಕೂಡಿಸಿದ 20 ಇಂಚಿನ ಮರಳು ಫಿಲ್ಟರ್ ಈಗಾಗಲೇ ಹಲವು ಬೇಸಿಗೆಗಳನ್ನು ಕಂಡಿದೆ.

ಸುತ್ತ ಭತ್ತದ ಗದ್ದೆ. ಕಟಾವಿನ ಯಂತ್ರ ಇಳಿದರೆ ಸಾಕು, ದೂಳು ಕೊಳದ ಮೇಲೆ ಹಾಲಿನ ಕೆನೆಯಂತೆ ಕಟ್ಟುತ್ತದೆ. ಮಡಿಕೆ ಬಟ್ಟೆಯಲ್ಲಿ ನೀರು ಸೋಸುವ ಕಾರ್ಟ್ರಿಜ್ ಫಿಲ್ಟರ್ ಮರಳು ಫಿಲ್ಟರಿಗಿಂತ ಸಣ್ಣ ಕಣವನ್ನು ಹಿಡಿಯುತ್ತದೆ, ನಿಜ. ಆದರೆ ಸುಗ್ಗಿಯಲ್ಲಿ ಅದನ್ನು ಬಿಚ್ಚಿ ತೊಳೆಯುತ್ತಲೇ ಕೂರಬೇಕು, ಸವೆದಾಗ ಹೊಸದಕ್ಕೆ ದುಡ್ಡು ಸುರಿಯಬೇಕು. ನಮ್ಮ ದೂಳಿಗೂ ನಮ್ಮ ಜೇಬಿಗೂ ಮರಳೇ ಸರಿ.

ಬೆಳಿಗ್ಗೆ ಚಹಾದ ಲೋಟ ಹಿಡಿದು ಪಂಪಿನ ಕೋಣೆಗೆ ಹೋದರೆ ಮೊದಲು ನೋಡುವುದು ಒತ್ತಡದ ಮೀಟರನ್ನು. ಮರಳು ತೊಳೆದ ಕೂಡಲೇ ಮುಳ್ಳು 10 ಪಿಎಸ್ಐ ಬಳಿ ನಿಲ್ಲುತ್ತದೆ. ಅಲ್ಲೊಂದು ಕೆಂಪು ಗೆರೆ ಎಳೆದಿದ್ದೇನೆ. ಮುಳ್ಳು 18 ಅಥವಾ 20ಕ್ಕೆ ಏರಿದಾಗ ಮಾತ್ರ ಬ್ಯಾಕ್‌ವಾಶ್, ಎಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯುವುದು. ವಾರಕ್ಕೊಮ್ಮೆ ತೊಳೆಯಲೇಬೇಕೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮರಳಿನ ನಡುವೆ ಸ್ವಲ್ಪ ಕೊಳೆ ಕುಳಿತಿದ್ದರೆ ಅದು ಇನ್ನೂ ಸಣ್ಣ ಕಣವನ್ನು ತಡೆಯುತ್ತದೆ. ಸುಮ್ಮನೆ ತೊಳೆದರೆ ನೀರೂ ದಂಡ, ಸೋಸುವ ಗುಣವೂ ಕಡಿಮೆ.

ಬ್ಯಾಕ್‌ವಾಶ್ ಮಾತ್ರ ನನ್ನದೇ ಕೆಲಸ, ಬೇರೆಯವರಿಗೆ ಬಿಡುವುದಿಲ್ಲ. ಪಂಪ್ ನಿಲ್ಲಿಸಿ, ನೀರಿನ ದಾರಿ ಬದಲಿಸುವ ವಾಲ್ವಿನ ಹಿಡಿಯನ್ನು ಒತ್ತಿ ತಿರುಗಿಸಿ, ಮತ್ತೆ ಪಂಪ್ ಹಾಕಿದರೆ ಪಕ್ಕದ ಪುಟ್ಟ ಗಾಜಿನಲ್ಲಿ ಮೊದಲು ಚಹಾ ಬಣ್ಣದ ನೀರು ನುಗ್ಗುತ್ತದೆ. ನೋಡನೋಡುತ್ತಲೇ ಬಣ್ಣ ತಿಳಿಯಾಗಿ, ಎರಡು ಮೂರು ನಿಮಿಷದಲ್ಲಿ ಗಾಜಿನಲ್ಲಿ ನೀರಿದೆಯೋ ಇಲ್ಲವೋ ಎನ್ನುವಷ್ಟು ಸ್ವಚ್ಛವಾಗುತ್ತದೆ. ಆಮೇಲೆ ಅರ್ಧ ನಿಮಿಷ ರಿನ್ಸ್, ಎಂದರೆ ನೀರನ್ನು ಮಾಮೂಲಿ ದಿಕ್ಕಿನಲ್ಲೇ ಹರಿಸಿ ಹೊರಗೆ ಬಿಡುವುದು. ಇದನ್ನು ಬಿಟ್ಟರೆ ಉಳಿದ ರಾಡಿ ಸೀದಾ ಕೊಳಕ್ಕೆ ಬರುತ್ತದೆ. ಹೊರಹೋಗುವ ಸುಮಾರು 500 ಲೀಟರ್ ನೀರು ಗುಂಡಿಯಲ್ಲಿ ಎರಡು ದಿನ ಬಿಸಿಲು ಕಂಡು, ಕ್ಲೋರಿನ್ ಇಳಿದ ಮೇಲೆ ತೆಂಗಿಗೆ ಹೋಗುತ್ತದೆ.

ಇಷ್ಟೇ ಆಗಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಕೊಳದ ನೀರು ಇಳಿಯತೊಡಗಿತು. ನಲವತ್ತು ಡಿಗ್ರಿ ಬಿಸಿಲು. ಆವಿಯಾಗುತ್ತಿದೆ ಎಂದೇ ಎಲ್ಲರ ತೀರ್ಮಾನ. ಅನುಮಾನ ತೀರಲೆಂದು ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಒಳಗಿನ ಮಟ್ಟಕ್ಕೂ ಹೊರಗಿನ ಮಟ್ಟಕ್ಕೂ ಗುರುತು ಹಾಕಿದೆ. ಬರೀ ಆವಿಯಾದರೆ ಎರಡೂ ಸಮನಾಗಿ ಇಳಿಯಬೇಕು. ಮರುದಿನ ನೋಡಿದರೆ ಬಕೆಟ್ಟಿಗಿಂತ ಕೊಳದಲ್ಲೇ ಹೆಚ್ಚು ಇಳಿದಿತ್ತು. ತೋಟದ ಕೆಲಸದ ಶರಣಮ್ಮ ಬ್ಯಾಕ್‌ವಾಶ್ ನೀರು ಹೊರಹೋಗುವ ಪೈಪಿನ ಬಾಯಿ ತೋರಿಸಿ, “ನೋಡಿರಿ ಅಣ್ಣಾ, ಇಲ್ಲಿ ಮಾತ್ರ ಗರಿಕೆ ಹೇಗೆ ಚಿಗುರಿದೆ” ಎಂದಳು. ಪಂಪ್ ಓಡುವಾಗ ಅಲ್ಲಿ ಸಣ್ಣಗೆ ನೀರು ಜಿನುಗುತ್ತಿತ್ತು. ವಾಲ್ವಿನೊಳಗೆ ಒಂದು ದಾರಿಯ ನೀರು ಇನ್ನೊಂದಕ್ಕೆ ನುಸುಳದಂತೆ ತಡೆಯುವ, ಚಕ್ರದ ಕಡ್ಡಿಗಳ ಆಕಾರದ ರಬ್ಬರ್, ಸ್ಪೈಡರ್ ಗ್ಯಾಸ್ಕೆಟ್, ಸವೆದಿತ್ತು.

ಕೆಲವು ನೂರು ರೂಪಾಯಿಯ ರಬ್ಬರ್ ಅದು. ಮಾರಿದವರಿಗೆ ಫೋನ್ ಮಾಡಿದರೆ, “ಬಿಡಿಯಾಗಿ ಸಿಗುವುದಿಲ್ಲ ಸರ್, ವಾಲ್ವನ್ನೇ ಬದಲಿಸಿ” ಎಂಬ ಉತ್ತರ. ವಾಲ್ವೆಂದರೆ ಸಾವಿರಗಳ ಲೆಕ್ಕ. ಕೊಳ್ಳುವಾಗ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದವರು ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಗಂಗಾವತಿಯ ಅಂಗಡಿಗಳಲ್ಲಿ ಹೊಲದ ಮೋಟಾರಿನ ಸಕಲ ಸಾಮಾನೂ ಸಿಗುತ್ತದೆ, ಇದು ಸಿಗಲಿಲ್ಲ. ಕೊನೆಗೆ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸಿದೆ.

ಹಾಕುವುದು ಮಾತ್ರ ಎಷ್ಟು ಸುಲಭ! ಮುಚ್ಚಳ ಕೂರುವ ದಿಕ್ಕಿಗೆ ಗುರುತು ಹಾಕಿಕೊಂಡು ಸ್ಕ್ರೂ ಬಿಚ್ಚಿ, ಹಳೆಯ ರಬ್ಬರ್ ಕಿತ್ತು, ಅದು ಕೂರುವ ಸೀಳುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಅಲ್ಲಿ ಮರಳಿನ ಒಂದು ಕಣ ಉಳಿದರೂ ಮತ್ತೆ ಸೋರುತ್ತದೆ. ಮುಚ್ಚಳದಡಿಯ ರಬ್ಬರ್ ಉಂಗುರಕ್ಕೆ, ಅಂದರೆ ಓ-ರಿಂಗಿಗೆ, ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಗಾಡಿಯ ಗ್ರೀಸ್ ರಬ್ಬರನ್ನು ತಿನ್ನುತ್ತದೆ. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯಿತು. ಪೈಪಿನ ಬಾಯಿ ಒಣಗಿತು, ನನ್ನ ಸಿಟ್ಟೂ ಅರ್ಧ ಇಳಿಯಿತು.

ಮರಳು ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬಾಳುತ್ತದೆ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಸುಣ್ಣ ಕಟ್ಟಿ ಮರಳು ಹೆಂಟೆಯಾದರೆ ನೀರು ಸೋಸದೆ ಸಂದಿಯಲ್ಲೇ ಹರಿದುಹೋಗುತ್ತದೆ. ಅದಕ್ಕೇ ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.6ರೊಳಗೆ ಇರುವಂತೆ ನೋಡಿಕೊಳ್ಳುತ್ತೇನೆ. ಬದಲಿಸುವ ಕಾಲ ಬಂದಾಗ ತುಂಗಭದ್ರೆಯ ಮರಳನ್ನೇ ತುಂಬೋಣ ಎಂದು ನಮ್ಮ ಗೌಂಡಿಯ ಸಲಹೆ. ಗಾರೆಗೆ ಅದು ಚೆನ್ನ. ಫಿಲ್ಟರಿಗೆ ಮಣ್ಣಿಲ್ಲದ, ಒಂದೇ ಅಳತೆಗೆ ಜರಡಿ ಹಿಡಿದ, 0.45ರಿಂದ 0.55 ಮಿಲಿಮೀಟರಿನ ಸಿಲಿಕಾ ಮರಳೇ ಬೇಕು.

ಐದಕ್ಕೆ ಮೂರೂವರೆ ಅಂಕ. ಕಳೆದದ್ದೆಲ್ಲ ಬಿಡಿಭಾಗದ ಲೆಕ್ಕಕ್ಕೆ. ನೀವು ಕೊಳ್ಳುವುದಾದರೆ ಎರಡು ಸ್ಪೈಡರ್ ಗ್ಯಾಸ್ಕೆಟ್, ಒಂದು ಜೊತೆ ಓ-ರಿಂಗ್ ಸೇರಿಸಿಯೇ ಬಿಲ್ ಬರೆಸಿಕೊಳ್ಳಿ. ಕೊಡುವುದಿಲ್ಲ ಎಂದರೆ ಬೇರೆ ಅಂಗಡಿ ನೋಡಿ.