ಗಿಟಾರಿನ ಫ್ರೆಟ್ ಬದಲಿಸಲು ಕೊಡುವ ಮುನ್ನ ಇದನ್ನು ಓದಿ

ಎಲೆಕ್ಟ್ರಿಕ್ ಗಿಟಾರಿನ ಫ್ರೆಟ್ (ತಂತಿಯ ಕೆಳಗೆ ಮರದಲ್ಲಿ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿ) ಸವೆದಿದೆ, ಬದಲಿಸಬೇಕು ಅಂತ ಅಂಗಡಿ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಮೊದಲು ಇದ್ದ ಅಳತೆಯದ್ದೇ ಹಾಕಿ" ಎಂದು ಹೇಳಿ ಕೊಟ್ಟುಬಂದ ಗಿಟಾರ್ ನನಗೆ ವಾಪಸ್ ಸಿಕ್ಕಿದ್ದು ಜಂಬೋ, ಅಂದರೆ ಅಗಲ ಎತ್ತರ ಎರಡೂ ಜಾಸ್ತಿಯ, ಫ್ರೆಟ್ ಹೊಡೆಸಿಕೊಂಡು. ಕೇಳಿದ್ದಕ್ಕೆ, "ಆ ಸೈಜ್ ಸ್ಟಾಕ್ ಇರಲಿಲ್ಲ ಸಾರ್, ಇದು ಅದಕ್ಕಿಂತ ಒಳ್ಳೇದು, ಬೆಂಡ್ ಸಲೀಸಾಗಿ ಬರುತ್ತೆ" ಎಂಬ ಉತ್ತರ (ಬೆಂಡ್ ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು). ಆ ವರ್ಷದ ಗಣಪತಿ ಸೀಸನ್ ಪೂರ್ತಿ ನಾನು ಬೇರೆಯವರ ಗಿಟಾರಿನಲ್ಲಿ ಕಾರ್ಯಕ್ರಮ ಮಾಡಬೇಕಾಯಿತು.

ನಾನು ಆರ್ಕೆಸ್ಟ್ರಾದಲ್ಲಿ ರಿದಮ್ ನುಡಿಸುವವನು. ಬಾರ್ ಕಾರ್ಡ್‌ಗಳೇ (ಒಂದು ಬೆರಳನ್ನು ತಂತಿಗಳ ಮೇಲೆ ಅಡ್ಡ ಇಟ್ಟು ಹಿಡಿಯುವ ಸ್ವರಗುಚ್ಛಗಳು) ಜಾಸ್ತಿ, ಕೈ ಸ್ವಲ್ಪ ಭಾರ. ನನ್ನದು ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್) ಮಾದರಿಯ ಗಿಟಾರ್, ರೋಸ್‌ವುಡ್ ಫ್ರೆಟ್‌ಬೋರ್ಡ್, ಮೂಲದಲ್ಲಿ ತೆಳ್ಳಗಿನ ಗಿಡ್ಡ ಫ್ರೆಟ್‌ಗಳು. ವರ್ಷಗಟ್ಟಲೆ ಒತ್ತಿ ಒತ್ತಿ ಮೊದಲ ಕೆಲವು ಫ್ರೆಟ್‌ಗಳ ಮೇಲೆ ತಂತಿ ಕೂತ ಕಡೆಯೆಲ್ಲ ಹಳ್ಳ ಬಿದ್ದಿತ್ತು. ಬದಲಿಸುವ ಕಾಲ ಬಂದದ್ದು ನಿಜ. ಆದರೆ ಆಮೇಲೆ ಆದದ್ದು ಬೇರೆ.

ಮನೆಗೆ ತಂದು ಬೆಳಕಿಗೆ ಹಿಡಿದು ನೋಡಿದೆ. ಹಳೇ ಫ್ರೆಟ್‌ಗಳನ್ನು ಬಿಸಿ ಮಾಡದೆ ಹಾಗೇ ಕಿತ್ತಿದ್ದರು. ಸೋಲ್ಡರಿಂಗ್ ಐರನ್ನಿನಿಂದ ಫ್ರೆಟ್ ಕಾಯಿಸಿ ನಿಧಾನಕ್ಕೆ ಎಬ್ಬಿಸಿದರೆ ಮರ ಏಳುವುದು ಕಡಿಮೆ. ಇಲ್ಲಿ ಫ್ರೆಟ್ ಕೂರುವ ಸೀಳಿನ ಎರಡೂ ಬದಿಗೆ ರೋಸ್‌ವುಡ್ಡಿನ ಚಕ್ಕೆ ಹಾರಿ, ಅದರ ಮೇಲೆ ಕರೀ ಪೇಸ್ಟ್ ಮೆತ್ತಿದ್ದರು. ಫ್ರೆಟ್‌ಗಳ ತುದಿಯನ್ನು ಅತಿಯಾಗಿ ಓರೆಗೆ ಅರ ಹಾಕಿದ್ದರಿಂದ ಮೊದಲನೇ ತಂತಿಗೆ ವೈಬ್ರಾಟೊ ಕೊಟ್ಟರೆ (ಒತ್ತಿದ ಬೆರಳನ್ನು ಅಲ್ಲಾಡಿಸಿದರೆ) ಅದು ನೆಕ್ಕಿನಿಂದ, ಅಂದರೆ ಗಿಟಾರಿನ ಕತ್ತಿನಿಂದ, ಆಚೆಗೇ ಜಾರಿ ಹೋಗುತ್ತಿತ್ತು. ಇಷ್ಟಾದರೂ ಸಹಿಸಬಹುದಿತ್ತೇನೋ. ಸಹಿಸಲಾಗದ್ದು ಶ್ರುತಿ.

ಪ್ರಾಕ್ಟೀಸಿಗೆ ಕೂತಾಗ ಓಪನ್ ತಂತಿಗಳು (ಬೆರಳು ಒತ್ತದೆ ಮೀಟಿದವು) ಶ್ರುತಿ ತೋರಿಸುವ ಟ್ಯೂನರ್‌ನಲ್ಲಿ ಸರಿ. ಎಫ್ ಮೇಜರ್ ಬಾರ್ ಹಿಡಿದ ತಕ್ಷಣ ಕೀಬೋರ್ಡಿಗೂ ನನಗೂ ಹೊಂದಲೇ ಇಲ್ಲ. ಕೀಬೋರ್ಡಿನ ಸ್ವರ ಅಲ್ಲಾಡುವುದಿಲ್ಲ, ಹಾಗಾಗಿ ತಪ್ಪು ಯಾರದ್ದು ಎಂಬುದು ಎಲ್ಲರಿಗೂ ಕೇಳುತ್ತದೆ. ಕಾರಣ ಸರಳ. ತಂತಿ ಫ್ರೆಟ್ಟಿಗೆ ತಾಗಿದರೆ ಸಾಕು, ಸ್ವರ ಬರುತ್ತದೆ. ಅದಕ್ಕಿಂತ ಜಾಸ್ತಿ ಒತ್ತಿದರೆ ತಂತಿ ಮರದ ಕಡೆಗೆ ಬಾಗಿ, ಬಿಗಿ ಹೆಚ್ಚಿ, ಶ್ರುತಿ ಮೇಲೇರುತ್ತದೆ. ಫ್ರೆಟ್ ಗಿಡ್ಡವಾಗಿದ್ದರೆ ಬೆರಳು ಬೇಗ ಮರಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ. ಕೈ ಭಾರವಿದ್ದರೂ ಮರವೇ ತಡೆಯುತ್ತದೆ. ಎತ್ತರದ ಫ್ರೆಟ್ಟಿನಲ್ಲಿ ಆ ತಡೆ ಇಲ್ಲ. ಬಾರ್ ಕಾರ್ಡಿನಲ್ಲಿ ಒಂದೊಂದು ಬೆರಳೂ ಒಂದೊಂದು ಬಲದಲ್ಲಿ ಒತ್ತುವುದರಿಂದ ಆರು ತಂತಿ ಆರು ಕಡೆ ಎಳೆಯುತ್ತವೆ. 9 ಗೇಜಿನ ತೆಳು ತಂತಿ ಹಾಕಿದ್ದರಂತೂ ಶ್ರುತಿ ಇನ್ನೂ ಬೇಗ ಏರುತ್ತದೆ.

ಈ "ಜಂಬೋ" ಎಂಬ ಮಾತನ್ನು ನಂಬಲೇಬೇಡಿ. ಫ್ರೆಟ್ಟಿಗೆ ಅಗಲ ಬೇರೆ, ಎತ್ತರ ಬೇರೆ. ಡನ್‌ಲಪ್ ಕಂಪನಿಯ ಫ್ರೆಟ್ ನಂಬರುಗಳನ್ನೇ ನೋಡಿ, ರಿಪೇರಿಯವರು ಸಾಮಾನ್ಯವಾಗಿ ಹೇಳುವುದೂ ಅವನ್ನೇ. 6100 ಜಂಬೋ ಸುಮಾರು 2.8 ಮಿಲಿಮೀಟರ್ ಅಗಲ, 1.4 ಮಿಲಿಮೀಟರ್ ಎತ್ತರ. 6130 ಎಂಬುದು ಮೀಡಿಯಂ ಜಂಬೋ. ಅಗಲ ಹೆಚ್ಚುಕಡಿಮೆ ಅಷ್ಟೇ, 2.7, ಆದರೆ ಎತ್ತರ ಬರೀ 0.9. ಇನ್ನು 6105 ಎತ್ತರದಲ್ಲಿ ಜಂಬೋಗೆ ಸಮ, ಅಗಲದಲ್ಲಿ 2.3 ಮಾತ್ರ. ಹಳೇ ಫೆಂಡರ್ ಶೈಲಿಯ 6230 ಅಂದರೆ 2 ಮಿಲಿಮೀಟರ್ ಅಗಲ, 1.1 ಎತ್ತರ. ಕೈಗೆ ಇವು ನಾಲ್ಕೂ ನಾಲ್ಕು ಬೇರೆ ಗಿಟಾರ್. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು, ಆದರೆ ಬೆರಳಿನ ಕೆಳಗೆ ಇರುವುದೇ ಒಂದು ಮಿಲಿಮೀಟರ್ ಚಿಲ್ಲರೆ. ಅದರಲ್ಲಿ ಅರ್ಧ ಅಂದರೆ ಸಣ್ಣ ವ್ಯತ್ಯಾಸವಲ್ಲ.

ಗಾತ್ರಕ್ಕಿಂತ ದೊಡ್ಡ ಅನ್ಯಾಯ ಆಗಿದ್ದು ಆಕಾರದಲ್ಲಿ. ಹೊಸ ಫ್ರೆಟ್ ಹೊಡೆದ ಮೇಲೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಲು ಉದ್ದಕ್ಕೆ ಅರ ಹಾಕಿ ಲೆವೆಲ್ ಮಾಡುತ್ತಾರೆ. ಆಗ ಎತ್ತರವಿದ್ದ ಫ್ರೆಟ್‌ಗಳ ತಲೆ ಚಪ್ಪಟೆಯಾಗುತ್ತದೆ. ಅದನ್ನು ಒಂದೊಂದಾಗಿ ಕ್ರೌನಿಂಗ್ ಫೈಲಿನಿಂದ ಮತ್ತೆ ಗುಂಡಗೆ ಮಾಡಬೇಕು, ಆಮೇಲೆ ಪಾಲಿಶ್. ಸಮಯ ಹಿಡಿಯುವ ಕೆಲಸವೆಂದರೆ ಇದೇ. ಬಿಟ್ಟುಬಿಟ್ಟಿದ್ದೂ ಇದನ್ನೇ.

ತಲೆ ಗುಂಡಗಿದ್ದರೆ ತಂತಿ ಫ್ರೆಟ್ಟಿನ ನಡುಗೆರೆಯ ಮೇಲೆ ಕೂರುತ್ತದೆ. ಫ್ರೆಟ್‌ಗಳ ಜಾಗ ಲೆಕ್ಕ ಹಾಕಿ ಸೀಳು ಕೊಯ್ಯುವುದೂ ಆ ನಡುಗೆರೆಗೇ. ಚಪ್ಪಟೆಯಾದರೆ ತಂತಿ ಬ್ರಿಡ್ಜ್ (ಗಿಟಾರಿನ ಒಡಲ ಮೇಲೆ ತಂತಿ ಕೂರುವ ಕುದುರೆ) ಕಡೆಯ ಅಂಚಿನಿಂದ ಕಂಪಿಸಲು ಶುರು ಮಾಡುತ್ತದೆ. 648 ಮಿಲಿಮೀಟರ್ ಸ್ಕೇಲಿನ (ಕಂಪಿಸುವ ಓಪನ್ ತಂತಿಯ ಉದ್ದ) ಗಿಟಾರಿನಲ್ಲಿ 12ನೇ ಫ್ರೆಟ್ಟಿನಿಂದ ಬ್ರಿಡ್ಜಿಗೆ 324 ಮಿಲಿಮೀಟರ್. ಅಲ್ಲಿ 1.2 ಮಿಲಿಮೀಟರ್ ಮುಂದೆ ಸರಿದರೆ ಸ್ವರ ಆರು ಸೆಂಟ್ ಏರುತ್ತದೆ (ಒಂದು ಫ್ರೆಟ್ಟಿನಿಂದ ಪಕ್ಕದ್ದಕ್ಕೆ ಇರುವ ಸ್ವರದ ಅಂತರದಲ್ಲಿ ನೂರನೇ ಒಂದು ಪಾಲು ಒಂದು ಸೆಂಟ್). 17ನೇ ಫ್ರೆಟ್ಟಿನಲ್ಲಿ ಎಂಟು ಸೆಂಟಿಗೂ ಮೇಲೆ. ಎಲ್ಲ ಫ್ರೆಟ್ಟಿಗೂ ಒಂದೇ ಸಮ ಸರಿದಿದ್ದರೆ ಬ್ರಿಡ್ಜಿನಲ್ಲಿ ಸ್ವಲ್ಪವಾದರೂ ಸರಿದೂಗಿಸಬಹುದಿತ್ತು. ನನ್ನ ಗಿಟಾರಿನಲ್ಲಿ ಒಂದು ಗುಂಡಗೆ, ಪಕ್ಕದ್ದು ಚಪ್ಪಟೆ, ಮತ್ತೊಂದು ಅರ್ಧಂಬರ್ಧ. ಜೊತೆಗೆ ಆ ಚಪ್ಪಟೆ ತಲೆಯ ಮೇಲೆ ತಂತಿ ಸವರಿಕೊಂಡು ಗುಯ್ ಅನ್ನುತ್ತಿತ್ತು. ತಂಬೂರಿಯ ಕುದುರೆಯನ್ನು ಅಗಲ ಮಾಡಿ, ಜೀವಾಳದ ದಾರ ಇಟ್ಟು, ಬೇಕೆಂದೇ ಆ ಝೇಂಕಾರ ಬರಿಸುತ್ತಾರೆ. ಗಿಟಾರಿನ ಫ್ರೆಟ್ಟಿಗೆ ಅದು ಬೇಡ.

ಎತ್ತರದ ಫ್ರೆಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವೀಣೆಯನ್ನೇ ನೋಡಿ: ಮೇಣದ ಮೇಲೆ ಕೂರಿಸಿದ ಎತ್ತರದ ಮೆಟ್ಟಿಲುಗಳು, ತಂತಿ ಎಳೆದು ಗಮಕ ತೆಗೆಯಲು ಅದೇ ಅನುಕೂಲ. 1970ರ ದಶಕದಲ್ಲಿ ಗಿಟಾರ್ ವಾದಕ ಜಾನ್ ಮ್ಯಾಕ್‌ಲಾಫ್ಲಿನ್ "ಶಕ್ತಿ" ಎಂಬ ಫ್ಯೂಷನ್ ತಂಡದಲ್ಲಿ ನುಡಿಸಿದ ಗಿಟಾರಿಗೆ ಫ್ರೆಟ್‌ಗಳ ನಡುವಿನ ಮರವನ್ನೇ ಕೊರೆದು ಗುಳಿ ಮಾಡಿಸಿದ್ದರು. ಬೆರಳು ಮರಕ್ಕೆ ಉಜ್ಜದಿದ್ದರೆ ತಂತಿ ಎಳೆಯುವುದು ಹಗುರ. ಇನ್ನೊಂದು ತುದಿಗೆ, ಗಿಬ್ಸನ್ 1954ರಲ್ಲಿ ತಂದ ಲೆಸ್ ಪಾಲ್ ಕಸ್ಟಮ್ ಗಿಟಾರಿಗೆ ಎಷ್ಟು ತಗ್ಗಾದ ಫ್ರೆಟ್‌ಗಳಿದ್ದವೆಂದರೆ ಅದಕ್ಕೆ "ಫ್ರೆಟ್‌ಲೆಸ್ ವಂಡರ್" ಎಂದೇ ಹೆಸರು ಬಿತ್ತು. ಕೈ ಮೇಲೆ ಕೆಳಗೆ ಓಡಾಡಲು ಅದು ನುಣುಪು, ಆದರೆ ದೊಡ್ಡ ಬೆಂಡಿಗೆ ಹಿಡಿತ ಸಿಗುವುದಿಲ್ಲ. ಹಗುರ ಕೈಯಿಂದ ಲೀಡ್ ನುಡಿಸುವವರು 6105 ಹಾಕಿಸಿಕೊಂಡರೆ ಖುಷಿಪಡುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ನನ್ನಂಥ ಕೈಗೆ ಅದು ಒಗ್ಗುವುದಿಲ್ಲ. ಇದನ್ನು ತೀರ್ಮಾನಿಸಬೇಕಾದವರು ನುಡಿಸುವವರು, ಅಂಗಡಿಯ ಸ್ಟಾಕ್ ಅಲ್ಲ.

ಗಿಟಾರನ್ನು ಮತ್ತೆ ಅದೇ ಅಂಗಡಿಗೆ ತೆಗೆದುಕೊಂಡು ಹೋದಾಗ ಇನ್ನೊಂದು ಸಮಸ್ಯೆ ಹೊರಬಿತ್ತು. ಫ್ರೆಟ್ ಎತ್ತರವಾದರೆ ನಟ್ಟೂ (ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಗುಳಿಗಳಿರುವ ತುಂಡು) ಎತ್ತರವಾಗಬೇಕು. ಹಳೇ ನಟ್ ಹಾಗೇ ಬಿಟ್ಟಿದ್ದರಿಂದ ಓಪನ್ ತಂತಿಗಳು ಮೊದಲನೇ ಫ್ರೆಟ್ಟಿಗೆ ತಾಗುತ್ತಿದ್ದವು. ಅವರು ನಟ್ಟಿನ ಗುಳಿಗೆ ಅಡುಗೆ ಸೋಡಾ ಹಾಕಿ ಸೂಪರ್ ಗ್ಲೂ ಸುರಿದು, ಮೇಲೆ ಅರ ಹಾಕಿ ಕೈತೊಳೆದುಕೊಂಡರು. ತುರ್ತಿಗೆ ಅದು ಸರಿ, ದುಡ್ಡು ಕೊಟ್ಟು ಮಾಡಿಸಿದ ಕೆಲಸಕ್ಕಲ್ಲ. "ಇದು ನಿಕಲ್ ಸಿಲ್ವರ್ ಸಾರ್, ಬೆಳ್ಳಿ ಇದೆ, ಅದಕ್ಕೇ ರೇಟು" ಅಂತಲೂ ಅಂದರು. ನಿಕಲ್ ಸಿಲ್ವರ್ ಅಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಣ. ಬೆಳ್ಳಿ ಒಂದು ಗುಲಗಂಜಿಯೂ ಇರುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ಟಿಗೆ ಜಾಸ್ತಿ ಕೇಳಿದರೆ ಅರ್ಥವಿದೆ, ಅದು ಗಟ್ಟಿ, ಅರಗಳು ಬೇಗ ಸವೆಯುತ್ತವೆ.

ಕೊನೆಗೆ ಗೆಳೆಯರೊಬ್ಬರು ಹೇಳಿದ ಬೇರೊಬ್ಬ ಕಸುಬುದಾರರ ಹತ್ತಿರ ಹೋದೆ. ಅವರು ಮಾತಾಡುವ ಮೊದಲು ಕ್ಯಾಲಿಪರ್ ತೆಗೆದರು. ಆಮೇಲೆ ಸ್ಟೀಲ್ ಸ್ಕೇಲನ್ನು ನೆಕ್ಕಿನ ಉದ್ದಕ್ಕೆ ಇಟ್ಟು ತೋರಿಸಿದರು: ನೆಕ್ ಹಿಂದಕ್ಕೆ ಬಾಗಿತ್ತು. ಸೀಳಿಗಿಂತ ದಪ್ಪ ಟ್ಯಾಂಗಿನ (ಸೀಳಿನೊಳಗೆ ಇಳಿಯುವ ಕಾಲಿನ) ಫ್ರೆಟ್‌ಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಒಂದೊಂದೂ ಬೆಣೆಯಾಗಿ ಮರವನ್ನು ಅಗಲಿಸಿ ನೆಕ್ಕನ್ನು ಹಿಂದಕ್ಕೆ ತಳ್ಳುತ್ತವೆ. ಎಲ್ಲ ಕಿತ್ತು, ಚಕ್ಕೆ ಎದ್ದ ಕಡೆ ರೋಸ್‌ವುಡ್ ಪುಡಿ ತುಂಬಿ, 6230 ಅಳತೆಯ ಫ್ರೆಟ್ ಹಾಕಿ, ಹೊಸ ನಟ್ ಕೊಯ್ದು ಕೊಟ್ಟರು. ಈಗ ಗಿಟಾರ್ ಚೆನ್ನಾಗಿ ನುಡಿಯುತ್ತದೆ, ಆದರೆ ಚಕ್ಕೆ ಹಾರಿದ ಗುರುತು ಹೋಗಿಲ್ಲ.

ನೀವು ಗಿಟಾರ್ ವಾಪಸ್ ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಇಷ್ಟು ಮಾಡಿ. ಟ್ಯೂಬ್‌ಲೈಟಿನ ಕೆಳಗೆ ನೆಕ್ ಓರೆ ಮಾಡಿ ಒಂದೊಂದು ಫ್ರೆಟ್ಟಿನ ತಲೆ ನೋಡಿ: ನಡುವೆ ಕೂದಲೆಳೆಯಷ್ಟು ತೆಳು ಹೊಳಪಿನ ಗೆರೆ ಕಂಡರೆ ಗುಂಡಗಿದೆ, ಅಗಲ ಪಟ್ಟಿ ಕಂಡರೆ ಚಪ್ಪಟೆ. ಮೂರು ಫ್ರೆಟ್ ಮೇಲೆ ನೇರ ಅಂಚಿನ ಸಣ್ಣ ಪಟ್ಟಿ ಇಟ್ಟು ಅಲ್ಲಾಡಿಸಿ, ತೂಗಾಡಿದರೆ ನಡುವಿನದ್ದು ಎತ್ತರವಿದೆ ಎಂದರ್ಥ. ಬೆರಳನ್ನು ನೆಕ್ಕಿನ ಅಂಚಿನುದ್ದಕ್ಕೂ ಎಳೆಯಿರಿ. ಮೊದಲನೇ ತಂತಿಯನ್ನು ಹೊರಗಡೆಗೆ ತಳ್ಳಿ ನೋಡಿ. ಟ್ಯೂನರ್ ಹಚ್ಚಿ ಬರೀ ಓಪನ್ ತಂತಿಯಲ್ಲ, ನೀವು ದಿನಾ ಹಿಡಿಯುವ ಕಾರ್ಡನ್ನು ದಿನಾ ಒತ್ತುವ ಬಲದಲ್ಲೇ ಹಿಡಿದು ತಂತಿ ತಂತಿಯಾಗಿ ಪರೀಕ್ಷಿಸಿ.

ಇನ್ನು ಕೊಡುವಾಗ, ಫ್ರೆಟ್ಟಿನ ಅಗಲ ಮತ್ತು ಎತ್ತರ ಮಿಲಿಮೀಟರಿನಲ್ಲಿ, ಲೆವೆಲ್, ಕ್ರೌನ್, ಪಾಲಿಶ್, ನಟ್ ಎಲ್ಲ ಸೇರಿದೆಯೋ ಇಲ್ಲವೋ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಹೇಳಿದ ಅಳತೆ ಸಿಗದಿದ್ದರೆ ಕೆಲಸ ಶುರು ಮಾಡುವ ಮೊದಲು ಫೋನ್ ಮಾಡಬೇಕು ಅಂತಲೂ ಬರೆಸಿ. ಬರೆಯಲು ಒಪ್ಪದ ಅಂಗಡಿಯಲ್ಲಿ ಗಿಟಾರ್ ಬಿಟ್ಟು ಬರಬೇಡಿ.