ಬ್ರಯಂಟ್ ಹೆಸರಿನ ಮ್ಯೂಸಿಯಂನಲ್ಲಿ ಸೇಬನ್‌ಗೆ ನ್ಯಾಯ ಸಿಗುತ್ತದೆಯೇ?

ಅಲಬಾಮಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳಲ್ಲಿ ದೊಡ್ಡವರು ಯಾರು ಎಂದು ಆ ವಿಶ್ವವಿದ್ಯಾಲಯದ ಊರು ಟಸ್ಕಲೂಸಾದಲ್ಲಿ ಕೇಳಿದರೆ ಬರುವ ಉತ್ತರ ಎರಡೇ: 'ಬೇರ್' ಎಂದೇ ಕರೆಸಿಕೊಂಡ ಪಾಲ್ ಡಬ್ಲ್ಯೂ. ಬ್ರಯಂಟ್, ಇಲ್ಲವೇ ನಿಕ್ ಸೇಬನ್. ಈ ವಾದಕ್ಕೆ ಬೇಕಾದ ಸರಕು ಒಂದೇ ಸೂರಿನಡಿ ಸಿಗುವ ಜಾಗವೆಂದರೆ 1988ರಲ್ಲಿ ಕ್ಯಾಂಪಸ್‌ನಲ್ಲೇ ತೆರೆದ ಪಾಲ್ ಡಬ್ಲ್ಯೂ. ಬ್ರಯಂಟ್ ಮ್ಯೂಸಿಯಂ. ಅದು ಇರುವುದು ಪಾಲ್ ಡಬ್ಲ್ಯೂ. ಬ್ರಯಂಟ್ ಡ್ರೈವ್‌ನಲ್ಲಿ. ಅದೇ ರಸ್ತೆಯಲ್ಲಿ ಮುಂದೆ ನಡೆದರೆ ಬ್ರಯಂಟ್-ಡೆನ್ನಿ ಸ್ಟೇಡಿಯಂ. ನ್ಯಾಯಾಧೀಶರ ಕುರ್ಚಿಯಲ್ಲಿ ಕೂತವರು ಕಕ್ಷಿದಾರರೇ ಎಂಬುದು ಬೋರ್ಡು ನೋಡಿದರೇ ತಿಳಿಯುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಮ್ಯೂಸಿಯಂ ಚೆನ್ನಾಗಿದೆ, 5ಕ್ಕೆ 3.5 ಕೊಡಬಹುದು.

ಮೊದಲು ಮ್ಯೂಸಿಯಂ ಒಳಗೆ ಹೋಗಬೇಡಿ. ಸ್ಟೇಡಿಯಂನ ಉತ್ತರ ಬಾಗಿಲಿನ ಎದುರಿರುವ 'ವಾಕ್ ಆಫ್ ಚಾಂಪಿಯನ್ಸ್'ನಿಂದ ಶುರುಮಾಡಿ. ರಾಷ್ಟ್ರೀಯ ಪ್ರಶಸ್ತಿ ತಂದ ಐವರ ಕಂಚಿನ ಪ್ರತಿಮೆಗಳು ಅಲ್ಲಿವೆ: ವಾಲೇಸ್ ವೇಡ್, ಫ್ರಾಂಕ್ ಥಾಮಸ್, ಬ್ರಯಂಟ್, ಜೀನ್ ಸ್ಟಾಲಿಂಗ್ಸ್, ಸೇಬನ್. ಸೇಬನ್ ಪ್ರತಿಮೆ ಅನಾವರಣವಾದದ್ದು 2011ರ ಏಪ್ರಿಲ್‌ನಲ್ಲಿ, ಆಗ ಅವರ ಖಾತೆಯಲ್ಲಿ ಅಲಬಾಮಾಗೆ ತಂದುಕೊಟ್ಟ ಪ್ರಶಸ್ತಿ ಒಂದೇ, 2009ರದ್ದು. ಮಿಕ್ಕ ಐದು (2011, 2012, 2015, 2017, 2020) ಬಂದದ್ದು ಪ್ರತಿಮೆ ನಿಂತ ಮೇಲೆ. ಸಾಮಾನ್ಯವಾಗಿ ಪ್ರತಿಮೆ ನಿಲ್ಲುವುದು ಕೆಲಸ ಮುಗಿದವರಿಗೆ. ಇಲ್ಲಿ ಕೆಲಸದ ಮುಕ್ಕಾಲು ಭಾಗ ಇನ್ನೂ ಬಾಕಿ ಇತ್ತು.

ಮ್ಯೂಸಿಯಂ ದೊಡ್ಡದೇನಲ್ಲ. ಫಲಕ ಓದುತ್ತ ನಡೆದರೆ ಒಂದೂವರೆ ಗಂಟೆ ಸಾಕು. 1892ರಲ್ಲಿ ಅಲಬಾಮಾದಲ್ಲಿ ಆಟ ಶುರುವಾದಲ್ಲಿಂದ ಕಥೆ ಬರುತ್ತದೆ. ಎಲ್ಲರೂ ಫೋಟೋ ತೆಗೆಯಲು ನಿಲ್ಲುವುದು ವಾಟರ್‌ಫರ್ಡ್ ಗಾಜಿನ ಟೋಪಿಯ ಮುಂದೆ. ಬ್ರಯಂಟ್ ತೊಡುತ್ತಿದ್ದ ಕಪ್ಪು-ಬಿಳುಪು ಹೌಂಡ್‌ಸ್ಟೂತ್ ಟೋಪಿಯನ್ನೇ ಗಾಜಿನಲ್ಲಿ ಮಾಡಿದ್ದಾರೆ. ಬಟ್ಟೆಯ ಆ ಹಲ್ಲು ಹಲ್ಲಾದ ಚೌಕುಳಿ ಗಾಜಿನ ಕೆತ್ತನೆಯಲ್ಲೇ ಕಾಣುತ್ತದೆ. ಬದಿಯಿಂದ ಬೆಳಕು ಬೀಳುವ ಕಡೆ ನಿಂತು ನೋಡಿ, ನೇರ ಎದುರಿನಿಂದ ಬರೀ ಮಿನುಗು. ಅಂದಹಾಗೆ, ಸೂರಿರುವ ಸ್ಟೇಡಿಯಂನಲ್ಲಿ ಅವರು ಟೋಪಿ ತೊಡುತ್ತಿರಲಿಲ್ಲ. ಮನೆಯೊಳಗೆ ಟೋಪಿ ಹಾಕಬಾರದು ಎಂದು ಅಮ್ಮ ಕಲಿಸಿದ್ದರಂತೆ. ಆದ್ದರಿಂದ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್ ಫೋಟೋಗಳಲ್ಲಿ ಬರಿದಲೆ. ಅವರ ಕಚೇರಿಯನ್ನೂ ಮರುಸೃಷ್ಟಿಸಿ ಇಟ್ಟಿದ್ದಾರೆ. ಮಕ್ಕಳಿಗೆ ಬ್ರಯಂಟ್ ಎಂದು ಹೆಸರಿಟ್ಟವರನ್ನೆಲ್ಲ ಕರೆಸಿ ವರ್ಷಕ್ಕೊಮ್ಮೆ ಕೂಟ ನಡೆಸುವುದು ಕೂಡ ಇದೇ ಮ್ಯೂಸಿಯಂ. ಇಷ್ಟು ಭಕ್ತಿ ಇರುವ ಕಡೆ ತಕ್ಕಡಿ ಸಮವಾಗಿ ನಿಲ್ಲಬೇಕು ಎಂದು ಬಯಸುವುದೇ ತಪ್ಪು.

ತೊಂದರೆ ಇರುವುದು ಬೇರೆಡೆ. ಟ್ರೋಫಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು. ಅದು ಬಂದ ಕಾಲದ ನಿಯಮವನ್ನು ಇಡಲಾಗದು. ಆ ನಿಯಮಗಳನ್ನು ನೀವೇ ತಲೆಯಲ್ಲಿ ಹೊತ್ತು ಹೋಗಬೇಕು, ಇಲ್ಲದಿದ್ದರೆ ಇಬ್ಬರಿಗೂ ಆರಾರು ರಾಷ್ಟ್ರೀಯ ಪ್ರಶಸ್ತಿ, ಆರಕ್ಕೆ ಆರು ಸಮ ಎಂದುಕೊಂಡು ಹೊರಬರುತ್ತೀರಿ.

ಬ್ರಯಂಟ್‌ರ ಆರು ಪ್ರಶಸ್ತಿಗಳು: 1961, 1964, 1965, 1973, 1978, 1979. ಆಗ ಫೈನಲ್ ಎಂಬುದೇ ಇರಲಿಲ್ಲ. ಎಪಿ ಸುದ್ದಿಸಂಸ್ಥೆ ನಡೆಸುತ್ತಿದ್ದ ಪತ್ರಕರ್ತರ ಮತದಾನ, ಯುಪಿಐ ಸುದ್ದಿಸಂಸ್ಥೆ ನಡೆಸುತ್ತಿದ್ದ ಕೋಚ್‌ಗಳ ಮತದಾನ, ಇವೆರಡರಲ್ಲಿ ಯಾರು ಮೊದಲೋ ಅವರೇ ಚಾಂಪಿಯನ್. ಮತ ಹಾಕುತ್ತಿದ್ದುದು ಯಾವಾಗ ಎಂಬುದರಲ್ಲಿದೆ ಗುಟ್ಟು. 1964ರಲ್ಲಿ ಬೌಲ್ ಪಂದ್ಯಕ್ಕೆ (ಋತುವಿನ ಕೊನೆಗೆ ಆಹ್ವಾನದ ಮೇಲೆ ಆಡುವ ಪಂದ್ಯ) ಮೊದಲೇ ಮತ ಬಿದ್ದು ಅಲಬಾಮಾ ಚಾಂಪಿಯನ್ ಆಯಿತು. ಆಮೇಲೆ ಆರೆಂಜ್ ಬೌಲ್‌ನಲ್ಲಿ ಟೆಕ್ಸಸ್ ಎದುರು 21-17ರಿಂದ ಸೋತಿತು, ಪ್ರಶಸ್ತಿ ಮಾತ್ರ ಹೋಗಲಿಲ್ಲ. ಮರುವರ್ಷ ಎಪಿ ತನ್ನ ಮತವನ್ನು ಬೌಲ್ ಮುಗಿಯುವವರೆಗೆ ತಡೆದಿಟ್ಟಿತು. ನಾಲ್ಕನೇ ಸ್ಥಾನದಲ್ಲಿದ್ದ ಅಲಬಾಮಾ ನೆಬ್ರಾಸ್ಕಾವನ್ನು 39-28ರಿಂದ ಸೋಲಿಸಿದ ಹೊತ್ತಿಗೆ ಮೇಲಿದ್ದ ಮಿಷಿಗನ್ ಸ್ಟೇಟ್ ಮತ್ತು ಅರ್ಕನ್ಸಾ ಕೂಡ ಬೌಲ್‌ನಲ್ಲಿ ಮುಗ್ಗರಿಸಿದ್ದವು. ಪ್ರಶಸ್ತಿ ಮತ್ತೆ ಬ್ರಯಂಟ್‌ರಿಗೆ. ಹಳೆ ಪದ್ಧತಿಯಲ್ಲೂ ಲಾಭ, ಹೊಸ ಪದ್ಧತಿಯಲ್ಲೂ ಲಾಭ! 1973ರಲ್ಲಿ ಯುಪಿಐ ಮೊದಲೇ ಕಿರೀಟ ಕೊಟ್ಟಿತ್ತು, ಶುಗರ್ ಬೌಲ್‌ನಲ್ಲಿ ನಾಟರ್ ಡೇಮ್ 24-23ರಿಂದ ಗೆದ್ದಿತು. 1978ರದ್ದು ಹಂಚಿಕೆಯ ಪ್ರಶಸ್ತಿ. ಯುಪಿಐ ಆರಿಸಿದ್ದು ಅದೇ ಋತುವಿನಲ್ಲಿ ಅಲಬಾಮಾವನ್ನು ಬರ್ಮಿಂಗ್‌ಹ್ಯಾಮ್‌ನಲ್ಲೇ ಸೋಲಿಸಿದ್ದ ಯುಎಸ್‌ಸಿಯನ್ನು (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ). ಕಪ್ಪು ಚುಕ್ಕೆ ಇಲ್ಲದವು 1961 (11 ಗೆಲುವು, 0 ಸೋಲು, ಅಂದರೆ 11-0) ಮತ್ತು 1979 (12-0).

ಬ್ರಯಂಟ್ ಪಕ್ಷದವರಿಗೂ ಇಲ್ಲಿ ಒಂದು ಅಸ್ತ್ರವಿದೆ: 1966. ಆ ವರ್ಷ ಒಂದೂ ಪಂದ್ಯ ಸೋಲದೆ 11-0 ಮುಗಿಸಿಯೂ ಅಲಬಾಮಾಗೆ ಸಿಕ್ಕಿದ್ದು ಮೂರನೇ ಸ್ಥಾನ. ಪರಸ್ಪರ 10-10 ಸಮ ಮಾಡಿಕೊಂಡ ನಾಟರ್ ಡೇಮ್, ಮಿಷಿಗನ್ ಸ್ಟೇಟ್ ಮೇಲೆ ಉಳಿದವು. ಅಲಬಾಮಾದ್ದು ಬರೀ ಬಿಳಿಯರ ತಂಡ, ಆಡಿದ್ದೂ ಹೆಚ್ಚಾಗಿ ದಕ್ಷಿಣದವರೊಂದಿಗೆ ಎಂಬ ಆಕ್ಷೇಪವನ್ನು ಇದರ ಜೊತೆಗೇ ಇಟ್ಟು ನೋಡಬೇಕು. ಸ್ಕಾಲರ್‌ಶಿಪ್ ಪಡೆದ ಮೊದಲ ಕಪ್ಪು ಆಟಗಾರ ವಿಲ್ಬರ್ ಜಾಕ್ಸನ್ ಬಂದದ್ದು 1970ರಲ್ಲಿ, ಜಾನ್ ಮಿಚೆಲ್ ಮೈದಾನಕ್ಕಿಳಿದದ್ದು 1971ರಲ್ಲಿ. ಅರವತ್ತರ ದಶಕದ ಮೂರೂ ಟ್ರೋಫಿಗಳ ಮುಂದೆ ನಿಂತಾಗ ಈ ಇಸವಿಗಳನ್ನು ಮರೆಯಬಾರದು.

ಸೇಬನ್‌ರ ಆರೂ ಫೈನಲ್ ಆಡಿ ಗೆದ್ದವು. ಆದರೆ ಅವರಿಗೂ ನಿಯಮದ ಕೃಪೆ ಇಲ್ಲದೆ ಇಲ್ಲ. 2011ರಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಎದುರು ತವರಿನಲ್ಲೇ 9-6ರಿಂದ ಸೋತು, ದಕ್ಷಿಣದ ವಿಶ್ವವಿದ್ಯಾಲಯಗಳ ಎಸ್‌ಇಸಿ ಲೀಗ್‌ನ ಫೈನಲ್‌ಗೂ ಹೋಗದೆ, ಅದೇ ಎಲ್‌ಎಸ್‌ಯುವನ್ನು ಪ್ರಶಸ್ತಿ ಪಂದ್ಯದಲ್ಲಿ 21-0ರಿಂದ ಮಣಿಸಿದರು. 2017ರಲ್ಲೂ ಅದೇ ರಾಜ್ಯದ ಎದುರಾಳಿ ಆಬರ್ನ್ ಎದುರು ಸೋತು ಲೀಗ್ ಫೈನಲ್ ತಪ್ಪಿತ್ತು. ನಾಲ್ಕು ತಂಡಗಳ ಪ್ಲೇಆಫ್‌ಗೆ ಹೇಗೋ ಜಾಗ ಸಿಕ್ಕಿತು. ಆ ಫೈನಲ್‌ನಲ್ಲಿ ಅರ್ಧ ಆಟವಾದ ಮೇಲೆ ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ರನ್ನು ಕೂರಿಸಿ ಹೊಸ ಹುಡುಗ ಟುವಾ ಟಗೋವೈಲೋವಾರನ್ನು ಇಳಿಸಿದ ನಿರ್ಧಾರ, ಕೊನೆಗೆ ಹೆಚ್ಚುವರಿ ಅವಧಿಯಲ್ಲಿ 41 ಯಾರ್ಡ್ ಪಾಸ್, 26-23. ಗೆಲ್ಲುತ್ತಿದ್ದ ಹುಡುಗನನ್ನು ಅಷ್ಟು ದೊಡ್ಡ ಪಂದ್ಯದ ನಡುವೆ ಕೂರಿಸುವ ಎದೆಗಾರಿಕೆ ಎಷ್ಟು ಜನರಿಗಿದೆ?

ಲೆಕ್ಕಕ್ಕೆ ಬನ್ನಿ. ಬ್ರಯಂಟ್ 25 ಋತುಗಳಲ್ಲಿ 232 ಗೆಲುವು, 46 ಸೋಲು, 9 ಸಮ. ಸೇಬನ್ 17 ಋತುಗಳಲ್ಲಿ ಮೈದಾನದಲ್ಲಿ 206-29. ಆಟಗಾರರು ಸ್ಕಾಲರ್‌ಶಿಪ್ ಹೆಸರಲ್ಲಿ ಬೇರೆಯವರಿಗೂ ಪುಸ್ತಕ ಪಡೆದ ಪಠ್ಯಪುಸ್ತಕ ಹಗರಣದಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 2007ರ 5 ಗೆಲುವು ಅಳಿಸಿದ್ದರಿಂದ ದಾಖಲೆಯಲ್ಲಿ 201-29. ವಾದದಲ್ಲಿ ಒಬ್ಬರು 206 ಎನ್ನುವುದು, ಇನ್ನೊಬ್ಬರು 201 ಎನ್ನುವುದು ಇದಕ್ಕೇ. ಸಮವಾದ ಪಂದ್ಯವನ್ನು ಅರ್ಧ ಗೆಲುವೆಂದರೆ ಬ್ರಯಂಟ್ ಶೇ. 82.4, ಸೇಬನ್ ಯಾವ ಲೆಕ್ಕ ಹಿಡಿದರೂ ಶೇ. 87ಕ್ಕೆ ಮೇಲೆ. ಎಸ್‌ಇಸಿ ಪ್ರಶಸ್ತಿ ಮಾತ್ರ ಹೆಚ್ಚುಕಮ್ಮಿ ಒಂದೇ: 25ಕ್ಕೆ 13, 17ಕ್ಕೆ 9. ಆದರೆ ಒಂದು ತಂಡ ಕೊಡಬಹುದಾದ ಸ್ಕಾಲರ್‌ಶಿಪ್‌ಗಳಿಗೆ ಎನ್‌ಸಿಎಎ 105ರ ಮಿತಿ ಹಾಕಿದ್ದೇ 1973ರಲ್ಲಿ. 1978ರಲ್ಲಿ 95, 1994ರಲ್ಲಿ 85. ಸೇಬನ್ ಕೆಲಸ ಮಾಡಿದ್ದೆಲ್ಲ 85ರೊಳಗೆ. ಒಳ್ಳೆಯ ಹುಡುಗರನ್ನು ಬೆಂಚಿನಲ್ಲಿ ಕೂರಿಸಿಯಾದರೂ ಎದುರಾಳಿಗೆ ಸಿಗದಂತೆ ಮಾಡುವ ಹಳೆ ಅನುಕೂಲ ಅವರಿಗಿರಲಿಲ್ಲ. 2008ರಿಂದ 2023ರವರೆಗೆ ಒಂದು ಋತುವೂ 10 ಗೆಲುವಿಗಿಂತ ಕೆಳಗಿಳಿಯಲಿಲ್ಲ. ಬ್ರಯಂಟ್ 1969ರಲ್ಲಿ 6-5, 1970ರಲ್ಲಿ 6-5-1 ಕಂಡವರು. ಬೌಲ್‌ಗಳಲ್ಲಂತೂ 1967ರ ಋತುವಿನಿಂದ ಸತತ ಎಂಟರಲ್ಲಿ ಒಂದೂ ಗೆಲುವಿಲ್ಲ.

ಆ ಕುಸಿತದಿಂದ ಎದ್ದದ್ದೇ ಬ್ರಯಂಟ್‌ರ ನಿಜವಾದ ಹಿರಿಮೆ, ನನ್ನ ಮಟ್ಟಿಗೆ. 1971ರಲ್ಲಿ ಗುಟ್ಟಾಗಿ, ಚೆಂಡು ಹಿಡಿದು ಓಡುವುದಕ್ಕೇ ಒತ್ತು ಕೊಡುವ ವಿಷ್‌ಬೋನ್ ಆಟದ ಕ್ರಮಕ್ಕೆ ತಂಡವನ್ನು ಹೊರಳಿಸಿ, ಹಿಂದಿನ ವರ್ಷ 42-21ರಿಂದ ಬಡಿದಿದ್ದ ಯುಎಸ್‌ಸಿಯನ್ನು ಅವರದೇ ಊರಿನಲ್ಲಿ 17-10ರಿಂದ ಸೋಲಿಸಿದರು. ಎಪ್ಪತ್ತರ ದಶಕದ ಒಟ್ಟು ಲೆಕ್ಕ 103-16-1. ಸೇಬನ್ ಕೂಡ ಹೀಗೇ ಮಗ್ಗುಲು ಬದಲಿಸಿದವರು. 2011ರ ತಂಡ ಪಂದ್ಯಕ್ಕೆ ಸುಮಾರು 8 ಅಂಕವಷ್ಟೇ ಬಿಟ್ಟುಕೊಟ್ಟ ಗೋಡೆ. 2020ರ ತಂಡ ಪಂದ್ಯಕ್ಕೆ 48.5 ಅಂಕ ಹೊಡೆದ ಯಂತ್ರ. ಎರಡನ್ನೂ ಕಟ್ಟಿದ್ದು ಒಬ್ಬರೇ. ಕೋಚಿಂಗ್ ಎಂಬ ಕಸುಬಿನಲ್ಲಿ ಸೇಬನ್ ಮೇಲು. ಬ್ರಯಂಟ್ ಎರಡನೆಯವರು, ಅಂತರ ಸಣ್ಣದು.

ಮೂರನೆಯವರು ಯಾರೆಂಬ ಪ್ರಶ್ನೆಗೆ ಈ ಮ್ಯೂಸಿಯಂ ನಿಜಕ್ಕೂ ಉಪಯುಕ್ತ. ಹಳೆಯ ಕಾಲದ ಭಾಗವನ್ನು ದಾಟಿ ಓಡಬೇಡಿ. ವೇಡ್ 1923ರಿಂದ 1930ರವರೆಗೆ 61-13-3. 1926ರ ರೋಸ್ ಬೌಲ್‌ನಲ್ಲಿ ವಾಷಿಂಗ್ಟನ್ ಎದುರು 20-19ರ ಅವರ ಗೆಲುವೇ ದಕ್ಷಿಣದ ಫುಟ್‌ಬಾಲಿಗೆ ದೇಶದಲ್ಲಿ ಮರ್ಯಾದೆ ತಂದದ್ದು. ಬ್ರಯಂಟ್‌ಗೆ ಆಟ ಕಲಿಸಿದ ಥಾಮಸ್ 115-24-7. ವಿಶ್ವವಿದ್ಯಾಲಯ ತನ್ನದೆನ್ನುವ 18 ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಥಾಮಸ್‌ರ 1941 ಕೂಡ ಸೇರಿದೆ. ಆ ವರ್ಷ ತಂಡ 9-2, ಎಪಿ ಪಟ್ಟಿಯಲ್ಲಿ 20ನೇ ಸ್ಥಾನ! ಆಬರ್ನ್ ಕಡೆಯವರು ಇದನ್ನು ಎತ್ತಿ ಆಡದೆ ಬಿಡುವುದಿಲ್ಲ, ಎತ್ತಿದರೆ ತಪ್ಪೂ ಇಲ್ಲ.

ಹೋಗುವವರಿಗೆ: ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಅಟ್ಲಾಂಟಾ ಕನ್ನಡಿಗರಿಗೆ ಸುಮಾರು ಮೂರು ಗಂಟೆಯ ದಾರಿ. ಹೋಗುವಾಗ ಗಡಿಯಾರ ಒಂದು ಗಂಟೆ ಹಿಂದಾಗುವುದರಿಂದ ಬೆಳಗ್ಗೆ ನಿಧಾನಕ್ಕೆ ಹೊರಟರೂ ನಡೆಯುತ್ತದೆ, ವಾಪಸು ಬರುವಾಗ ಅದೇ ಗಂಟೆ ಕೈಬಿಡುತ್ತದೆ. ಮ್ಯೂಸಿಯಂಗೆಂದೇ ಹೋಗುವುದಾದರೆ ಪಂದ್ಯದ ಶನಿವಾರ ಬೇಡ. ಸ್ಟೇಡಿಯಂನಲ್ಲಿ 100,077 ಆಸನ, ಊರಿನ ಜನಸಂಖ್ಯೆಯೂ ಹತ್ತಿರ ಹತ್ತಿರ ಅಷ್ಟೇ. ರಸ್ತೆ, ಪಾರ್ಕಿಂಗ್, ಹೋಟೆಲ್ ರೂಮು ಯಾವುದೂ ಕೈಗೆ ಸಿಗುವುದಿಲ್ಲ. ಪಂದ್ಯವನ್ನೂ ನೋಡುವವರು ಮ್ಯೂಸಿಯಂ ಕೆಲಸವನ್ನು ಶುಕ್ರವಾರವೇ ಮುಗಿಸಿ, ರೂಮನ್ನು ತಿಂಗಳುಗಳ ಮುಂಚೆ ಹಿಡಿಯಿರಿ. ಸ್ಟೇಡಿಯಂಗೆ ಒಯ್ಯುವ ಚೀಲ ಪಾರದರ್ಶಕವಾಗಿರಬೇಕು, ಅಳತೆ 12x6x12 ಇಂಚಿನೊಳಗೆ; ಬೆನ್ನಚೀಲ ತಂದವರು ಕಾರಿಗೆ ವಾಪಸು ನಡೆಯಬೇಕಾಗುತ್ತದೆ. ಊಟಕ್ಕೆ ಎಲ್ಲರೂ ಡ್ರೀಮ್‌ಲ್ಯಾಂಡ್ ಬಾರ್ಬೆಕ್ಯೂ ಹೆಸರು ಹೇಳುತ್ತಾರೆ. ಬ್ರಯಂಟ್ ಕೋಚ್ ಆಗಿ ಬಂದ 1958ರಲ್ಲೇ ಶುರುವಾದ ಅಂಗಡಿ, ಹಂದಿ ಪಕ್ಕೆಲುಬು ಮತ್ತು ಬಿಳಿ ಬ್ರೆಡ್ಡಿಗೆ ಹೆಸರುವಾಸಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು.